ದೊಡ್ಡಿಯ ಲೆಕ್ಕ

ಮಂಡ್ಯದಿಂದ ಮದ್ದೂರು, ಮಳವಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರುಗಳ ನಾಮಫಲಕ ಓದಿಕೊಂಡು ಹೋದರೆ ಈ ಸೀಮೆಯ ದನಗಳ ಚರಿತ್ರೆ ಅರ್ಧ ತಿಳಿದ ಹಾಗೆಯೇ. ಹಳ್ಳಿ, ಪುರ, ಕೆರೆಗಳ ನಡುನಡುವೆ ‘ದೊಡ್ಡಿ’ ಎಂದು ಕೊನೆಯಾಗುವ ಹೆಸರುಗಳು ಎದುರಾಗುತ್ತವೆ. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಊರು. ಪೂರ್ತಿ ಹೆಸರು ಕಾಳಮುದ್ದನದೊಡ್ಡಿ. ಸರ್ಕಾರಿ ಕಾಗದದಲ್ಲಿ ಭಾರತೀನಗರ ಎಂದಾದರೂ ಜನರ ಬಾಯಲ್ಲಿ ಕೆ.ಎಂ. ದೊಡ್ಡಿಯಾಗಿಯೇ ಉಳಿದಿದೆ. ಅಲ್ಲಿಂದ ಚನ್ನಪಟ್ಟಣ, ರಾಮನಗರ, ಕನಕಪುರದ ಕಡೆಗೆ ಹೋದರೆ ದೊಡ್ಡಿಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಊರಿನಿಂದ ದೂರದ ಬಯಲಿನಲ್ಲಿ, ಕಾಡಂಚಿನಲ್ಲಿ, ಯಾರೋ ಒಬ್ಬ ತನ್ನ ದನಗಳಿಗೆ ಮುಳ್ಳಿನ ಬೇಲಿ ಕಟ್ಟಿ ರಾತ್ರಿ ಕೂಡುತ್ತಿದ್ದ. ಆಮೇಲೆ ಅವನೇ ಅಲ್ಲೊಂದು ಗುಡಿಸಲು ಹಾಕಿದ. ಆಮೇಲೆ ಅದೇ ಊರಾಯಿತು. ಬಹುಪಾಲು ದೊಡ್ಡಿಗಳ ಕಥೆ ಇಷ್ಟೇ.

ದುದ್ದ ಹೋಬಳಿಯಲ್ಲೂ (ಮಂಡ್ಯ ತಾಲ್ಲೂಕಿನ ದುದ್ದ, ಹಾಸನದ ಹತ್ತಿರದ ದುದ್ದ ಬೇರೆ, ಬಸ್ಸು ಹತ್ತುವವರು ನೋಡಿಕೊಂಡು ಹತ್ತಬೇಕು) ‘ದೊಡ್ಡಿ’ ಎಂದರೆ ಹಿರಿಯರಿಗೆ ಎರಡು ಅರ್ಥ. ಒಂದು, ತಮ್ಮ ದನ ತಾವೇ ಕೂಡಿಕೊಳ್ಳುವ ಜಾಗ. ಇನ್ನೊಂದು, ಕಂಡವರ ಹೊಲಕ್ಕೆ ಬಾಯಿ ಹಾಕಿದ ದನವನ್ನು ಸರ್ಕಾರ ಹಿಡಿದು ಕೂಡಿಹಾಕುವ ಜಾಗ. ‘ದೊಡ್ಡಿಗೆ ಅಟ್ಟಿಬಿಡ್ತೀನಿ’ ಎಂಬ ಬೆದರಿಕೆಯ ದೊಡ್ಡಿ ಈ ಎರಡನೆಯದು. ಸಾರ್ವಜನಿಕ ಖರ್ಚಿನಲ್ಲಿ ಪ್ರಾಣಿಗಳನ್ನು ಸಾಕುವ ಸಂಸ್ಥೆಗಳ ಕುರಿತು ಈಗ ಮತ್ತೆ ಮಾತು ಎದ್ದಿದೆ. ಗೋಶಾಲೆಗೆ ದುಡ್ಡು ಎಲ್ಲಿಂದ, ಸರ್ಕಾರವೇ ನಡೆಸಬೇಕೋ ಸಂಘಸಂಸ್ಥೆಗಳಿಗೆ ವಹಿಸಬೇಕೋ ಎಂಬ ಪ್ರಶ್ನೆಗಳು ಹೊಸವು ಎಂಬಂತೆ ಚರ್ಚೆಯಾಗುತ್ತಿವೆ. ಹೊಸವೇನೂ ಅಲ್ಲ. ಈ ನೆಲದಲ್ಲಿ ಸರ್ಕಾರ ದನ ಸಾಕಿ ನಾನೂರು ವರ್ಷವಾಯಿತು. ಖರ್ಚು ಜಾಸ್ತಿಯಾಯಿತು ಎಂದು ಇಡೀ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿ ನೂರ ಅರವತ್ತು ವರ್ಷ ದಾಟಿತು.

ಮೊದಲು ಚಿಕ್ಕ ದೊಡ್ಡಿಯ ಸಂಗತಿ ಹೇಳಿ ಮುಗಿಸುತ್ತೇನೆ.

ಬ್ರಿಟಿಷರು 1871ರಲ್ಲಿ ದನಗಳ ಅತಿಕ್ರಮಣದ ಕಾಯಿದೆ ತಂದರು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಆ ಕಾಯಿದೆ ಓದಲು ಬಲು ಸ್ವಾರಸ್ಯವಾಗಿದೆ. ಬೆಳೆ ಮೇದ ಪ್ರಾಣಿಗೆ ದಂಡದ ಪಟ್ಟಿ ಇದೆ: ಆನೆಗೆ 2 ರೂಪಾಯಿ, ಒಂಟೆ ಮತ್ತು ಎಮ್ಮೆಗೆ 8 ಆಣೆ, ಕುದುರೆ, ಎತ್ತು, ಹಸುಗಳಿಗೆ 4 ಆಣೆ, ಕರು, ಕತ್ತೆ, ಹಂದಿಗೆ 2 ಆಣೆ, ಕುರಿ ಮೇಕೆಗೆ 1 ಆಣೆ. ದಂಡದ ಜೊತೆಗೆ ದೊಡ್ಡಿಯಲ್ಲಿದ್ದಷ್ಟು ದಿನದ ಮೇವು ನೀರಿನ ಖರ್ಚು ಬೇರೆ. ಏಳು ದಿನ ಯಾರೂ ಬಿಡಿಸಿಕೊಳ್ಳದಿದ್ದರೆ ದನ ಹಿಡಿದ ಊರಿನಲ್ಲೂ ಹತ್ತಿರದ ಸಂತೆಯಲ್ಲೂ ಡಂಗುರ ಹೊಡೆಸಬೇಕು. ಮತ್ತೆ ಏಳು ದಿನ ಕಾದು ಹರಾಜು ಹಾಕಬೇಕು. ಆ ಹರಾಜಿನಲ್ಲಿ ದೊಡ್ಡಿ ಕಾಯುವವನೂ ಸಂಬಂಧಪಟ್ಟ ಅಧಿಕಾರಿಗಳೂ ದನ ಕೊಳ್ಳಕೂಡದು. ಕಾಯಿದೆ ಬರೆದವನಿಗೆ ನಮ್ಮ ಜನದ ಪರಿಚಯ ಚೆನ್ನಾಗಿಯೇ ಇತ್ತು.

ಆದರೆ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಕಲಮು. ದೊಡ್ಡಿಯಿಂದ ಬಂದ ಹಣದಲ್ಲಿ ದೊಡ್ಡಿ ಕಾಯುವವನ ಸಂಬಳ, ದೊಡ್ಡಿಯ ರಿಪೇರಿ ಕಳೆದು ಉಳಿದದ್ದನ್ನು ರಸ್ತೆ, ಸೇತುವೆ ಮುಂತಾದ ಸಾರ್ವಜನಿಕ ಕೆಲಸಕ್ಕೆ ಬಳಸಬೇಕು ಎನ್ನುತ್ತದೆ ಅದು. ಅಂದರೆ ದೊಡ್ಡಿಗೆ ಬೊಕ್ಕಸದಿಂದ ಕೊಡುವ ಮಾತೇ ಇಲ್ಲ. ದೊಡ್ಡಿಯೇ ದುಡಿದು ರಸ್ತೆಗೂ ಕೊಡಬೇಕು. ಲಾಭ ಬರುವ ಬಾಬತ್ತು ಯಾವಾಗಲೂ ಹರಾಜಿಗೆ ಹತ್ತಿರ. ಮುಂದೆ ದೊಡ್ಡಿಗಳು ಪಂಚಾಯ್ತಿಗಳ ಸುಪರ್ದಿಗೆ ಬಂದಾಗ, ಸಂತೆ ಸುಂಕ, ಹುಣಸೆಮರದ ಫಸಲಿನ ಜೊತೆ ದೊಡ್ಡಿಯ ವಸೂಲಿಯನ್ನೂ ವರ್ಷಕ್ಕೊಮ್ಮೆ ಕೂಗಿ ಗುತ್ತಿಗೆ ಕೊಡುವುದು ಎಷ್ಟೋ ಕಡೆ ನಡೆದುಬಂತು. ಗುತ್ತಿಗೆ ಹಿಡಿದವನಿಗೆ ದನ ಬಂದಷ್ಟೂ ಕಾಸು. ಹಾಗಾಗಿ ಹೊಲಕ್ಕೆ ನುಗ್ಗಿದ ದನ ಯಾವುದು, ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದ ದನ ಯಾವುದು ಎಂಬ ಭೇದ ಅವನಿಗೆ ಬೇಕಾಗುತ್ತಿರಲಿಲ್ಲ. ಖಾಸಗಿಗೆ ವಹಿಸುವುದು ಎಂಬ ಮಾತಿಗೆ ಹಳ್ಳಿಯ ಮಟ್ಟದಲ್ಲಿ ಸಿಗುವ ಮೊದಲ ಅನುಭವ ಇದು ಎನ್ನಬಹುದು.

1966ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯಿದೆ ಮಾಡಿಕೊಂಡಿತು. ಅದು ಇಂದಿಗೂ ಪುಸ್ತಕದಲ್ಲಿದೆ. ಆದರೆ ದೊಡ್ಡಿಗಳು ಹೋದವು. ಕಾರಣ ಬಜೆಟ್ಟಲ್ಲ. ಕನ್ನಂಬಾಡಿ ಕಟ್ಟೆಯಿಂದ ಹುಲಿಕೆರೆಯ ಸುರಂಗ ದಾಟಿ ನಾಲೆಯ ನೀರು ಬಂದ ಕಡೆಯೆಲ್ಲ ಬಯಲು ಗದ್ದೆಯಾಯಿತು, ಕಬ್ಬಾಯಿತು. ದನ ಬಿಟ್ಟು ಮೇಯಿಸುವುದು ನಿಂತಿತು. ಹಳ್ಳಿಕಾರ್ ಜೋಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಹಟ್ಟಿಯಲ್ಲಿ ಕಟ್ಟಿಹಾಕಿ ಸಾಕುವ ಸೀಮೆಹಸು ಬಂತು. ಹಾಲು ಡೇರಿಗೆ, ಡೇರಿಯಿಂದ ಗೆಜ್ಜಲಗೆರೆಗೆ. ಹಗ್ಗದಲ್ಲೇ ಹುಟ್ಟಿ ಹಗ್ಗದಲ್ಲೇ ಮುದಿಯಾಗುವ ಹಸು ಯಾರ ಹೊಲಕ್ಕೆ ನುಗ್ಗೀತು? ದೊಡ್ಡಿಯ ಕಲ್ಲುಗೋಡೆ ಯಾರ್‍ಯಾರ ಮನೆಯ ಪಾಯಕ್ಕೋ ಹೋಯಿತು.

ಇನ್ನು ದೊಡ್ಡ ದೊಡ್ಡಿ.

ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳಿದ್ದ ಕಾಲದಲ್ಲೇ ಅಲ್ಲೊಂದು ಸರ್ಕಾರಿ ಹಿಂಡು ಇತ್ತು. ಅದಕ್ಕೆ ‘ಕರುಹಟ್ಟಿ’ ಎಂದು ಹೆಸರು. ಶ್ರೀರಂಗಪಟ್ಟಣ ಮೈಸೂರು ಒಡೆಯರ ಕೈಗೆ ಬಂದ ಮೇಲೆ ಹಿಂಡೂ ಅವರದಾಯಿತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಅದನ್ನು ಬೆಳೆಸಿದರು. ದನಗಳು ಮೇಯಲಿಕ್ಕೆಂದು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹುಲ್ಲುಗಾವಲುಗಳನ್ನು ಬಿಡಿಸಿಟ್ಟರು. ಅವೇ ‘ಕಾವಲು’ಗಳು. ಚಿಕ್ಕದೇವರಾಜ ಒಡೆಯರು (ಆಳಿದ್ದು 1672ರಿಂದ 1704) ಇದನ್ನೊಂದು ಇಲಾಖೆಯಾಗಿ ಮಾಡಿ ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು, ಮೊಸರು, ಬೆಣ್ಣೆ ಒದಗಿಸುವುದು ಇಲಾಖೆಯ ಕೆಲಸ. ಕಾಸಿಗೆ ಕಾಸು ಲೆಕ್ಕ ಇಡುತ್ತಿದ್ದ ದೊರೆ ಎಂದು ಹೆಸರಾದವರು ಅವರು. ಅಂಥವರ ಹದಿನೆಂಟು ಚಾವಡಿಗಳ ಆಡಳಿತದಲ್ಲಿ ಬೆಣ್ಣೆಗೂ ಒಂದು ಚಾವಡಿ ಇತ್ತು ಎಂಬುದು ನೆನಪಿರಬೇಕಾದ ಸಂಗತಿ.

ಹೈದರಾಲಿ ಬಂದಾಗ ಚಾವಡಿಯ ಸ್ವರೂಪವೇ ಬದಲಾಯಿತು. ಅವನಿಗೆ ಬೆಣ್ಣೆಗಿಂತ ಎತ್ತು ಮುಖ್ಯ. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ವೇಗದ ಎತ್ತು ಬೇಕಿತ್ತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳು ಸೇರಿ ಬೆಳೆದ ಈ ಹಿಂಡಿನ ಎತ್ತುಗಳು ಕಾಲಾಳುಗಳ ಹೆಜ್ಜೆಗೆ ಸರಿಸಮನಾಗಿ, ಕೆಲವೊಮ್ಮೆ ಅದಕ್ಕೂ ಮುಂದಾಗಿ ನಡೆಯುತ್ತಿದ್ದವು. ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಬಿ.ಎಲ್. ರೈಸರ ಮೈಸೂರು ಗೆಜೆಟಿಯರು ದಾಖಲಿಸಿದೆ. ಟಿಪ್ಪು ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಿಸಿದ. ದನಗಳನ್ನು ಹೇಗೆ ಸಾಕಬೇಕು, ಕರುಗಳನ್ನು ಯಾವಾಗ ಬೇರ್ಪಡಿಸಬೇಕು, ಲೆಕ್ಕ ಹೇಗೆ ಇಡಬೇಕು ಎಂದು ಹುಕುಂನಾಮೆ ಹೊರಡಿಸಿದ. ಅವನನ್ನು ಸೋಲಿಸಿದ ಇಂಗ್ಲಿಷರೇ ಮುಂದೆ ಆ ನಿಯಮಗಳನ್ನು ಅನುಸರಿಸಿದರು. ಆ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ಸ್ಪೇನಿನ ಕಡೆ ನೆಪೋಲಿಯನ್ನನ ಸೈನ್ಯದೊಡನೆ ಹೋರಾಡುವಾಗ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಪೇಚಾಡಿಕೊಂಡನಂತೆ.

ಈ ಹಿಂಡನ್ನು ಸಾಕುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಅಮೃತಮಹಲ್ ದನಗಳಿಗೆ ಕೊಟ್ಟಿಗೆ ಇರಲಿಲ್ಲ. ಅವು ವರ್ಷವಿಡೀ ಬಯಲಲ್ಲೇ. ಕಾವಲುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಕೆರೆಯಂಗಳ, ಮರದ ನೆರಳು, ಬತ್ತದ ನೀರು ಇರುವ ಕಡೆ ಬೇಸಿಗೆ ಕಾವಲು. ಇವು ಕಡಿಮೆ, ಆದ್ದರಿಂದ ಬಲು ಬೆಲೆಯುಳ್ಳವು. ಬೇರೆ ಕಾಲದಲ್ಲಿ ಅಲ್ಲಿಗೆ ದನ ಬಿಡದೆ ಹುಲ್ಲು ಉಳಿಸುತ್ತಿದ್ದರು. ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ಋತು ಹಿಡಿದು ಸಾಗುತ್ತಿತ್ತು. ಹಿಂಡಿಗೊಬ್ಬ ಸೇರ್ವೆಗಾರ, ಅವನ ಕೈಕೆಳಗೆ ಗೋಪಾಲಕರು. ತಲೆಮಾರಿನಿಂದ ತಲೆಮಾರಿಗೆ ಅದೇ ಮನೆತನದವರು. ಯಾವ ಹಸುವಿನ ಕರು ಯಾವುದು, ಯಾವ ಹೋರಿಯ ಸಂತತಿ ಎಲ್ಲಿದೆ ಎಂಬ ವಂಶಾವಳಿ ಅವರ ನಾಲಿಗೆಯ ಮೇಲೆ. ದನಗಳೋ ಅರೆಕಾಡು ಸ್ವಭಾವದವು. ತಮ್ಮ ಗೊಲ್ಲರನ್ನು ಬಿಟ್ಟು ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ಹೀಗಾಗಿ ಈ ಇಲಾಖೆಯ ಆಸ್ತಿ ಎಂದರೆ ಮೂರು: ದನ, ದನವನ್ನು ಬಲ್ಲ ಜನ, ಒಂದರೊಡನೊಂದು ಸರಪಳಿಯ ಹಾಗೆ ಹೆಣೆದುಕೊಂಡ ಹುಲ್ಲಿನ ಜಾಗಗಳು. ಲೆಕ್ಕದ ಪುಸ್ತಕಕ್ಕೆ ಕಾಣುವುದು ಮೊದಲನೆಯದು ಮಾತ್ರ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಕಂಪನಿಯ ವಶವಾಯಿತು. ಸೈನ್ಯಕ್ಕೆ ಎತ್ತು ಒದಗಿಸಬೇಕು ಎಂಬ ಕರಾರಿನ ಮೇಲೆ ಅದನ್ನು ನೋಡಿಕೊಳ್ಳಲು ಮೈಸೂರು ಸರ್ಕಾರಕ್ಕೇ ವಹಿಸಿದರು. ಇದೂ ಒಂದು ಬಗೆಯ ಹೊರಗುತ್ತಿಗೆಯೇ. ಎತ್ತು ಬೇಕಾದವರು ಒಬ್ಬರು, ಸಾಕುವವರು ಇನ್ನೊಬ್ಬರು. ಹತ್ತು ಹನ್ನೆರಡು ವರ್ಷದಲ್ಲಿ ಹಿಂಡು ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವಿ ಎಂಬವನನ್ನು ನೇರವಾಗಿ ಇದರ ಉಸ್ತುವಾರಿಗೆ ನೇಮಿಸಿದರು. ಅವನು ಟಿಪ್ಪುವಿನ ನಿಯಮಗಳನ್ನು ಮತ್ತೆ ಹಿಡಿದು, ಅದೇ ಗೊಲ್ಲರನ್ನು ಇಟ್ಟುಕೊಂಡು ನಡೆಸಿದ. ಸೈನ್ಯಕ್ಕೆ ಎತ್ತು ಕೊಟ್ಟೂ ಹತ್ತು ವರ್ಷದಲ್ಲಿ ದನಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹುಣಸೂರು ಇದರ ಕೇಂದ್ರವಾಗಿ ಬೆಳೆಯಿತು.

ಹೀಗೆ ನಡೆಯುತ್ತಿದ್ದುದನ್ನು 1860ರಲ್ಲಿ ಮುಚ್ಚಿದರು.

ಮುಚ್ಚಿದ್ದು ರೋಗದಿಂದಲ್ಲ, ಬರದಿಂದಲ್ಲ, ದನ ಸೊರಗಿದ್ದರಿಂದಲೂ ಅಲ್ಲ. ಖರ್ಚು ಉಳಿಸಲಿಕ್ಕೆ. 1857ರ ದಂಗೆಯನ್ನು ಅಡಗಿಸಿದ ಖರ್ಚಿನಿಂದ ಬ್ರಿಟಿಷ್ ಇಂಡಿಯಾದ ಬೊಕ್ಕಸ ಬರಿದಾಗಿತ್ತು. ಕೊರತೆ ತುಂಬಲು ಹಣಕಾಸಿನ ಮೆಂಬರು ಜೇಮ್ಸ್ ವಿಲ್ಸನ್ 1860ರಲ್ಲಿ ಈ ದೇಶಕ್ಕೆ ಮೊದಲ ಸಲ ಆದಾಯ ತೆರಿಗೆ ತಂದ. ಆಗ ಮದ್ರಾಸಿನ ಗವರ್ನರಾಗಿದ್ದವನು ಸರ್ ಚಾರ್ಲ್ಸ್ ಟ್ರೆವೆಲಿಯನ್. ಅವನು ಈ ತೆರಿಗೆಯನ್ನು ಬಹಿರಂಗವಾಗಿಯೇ ವಿರೋಧಿಸಿದ. ಹೊಸ ತೆರಿಗೆ ಬೇಡ, ಖರ್ಚು ಕಡಿಮೆ ಮಾಡಿದರೆ ಸಾಕು ಎಂಬುದು ಅವನ ವಾದ. ವಾದ ಅತಿಯಾಗಿ ಆ ವರ್ಷವೇ ಅವನನ್ನು ಲಂಡನ್ನಿಗೆ ವಾಪಸು ಕರೆಸಿಕೊಂಡರು. ಅಷ್ಟರಲ್ಲಿ ಅವನ ಮಿತವ್ಯಯದ ಕತ್ತರಿಗೆ ಸಿಕ್ಕವುಗಳಲ್ಲಿ ಅಮೃತಮಹಲೂ ಒಂದು.

ಟ್ರೆವೆಲಿಯನ್ ಕೆಟ್ಟ ಅಧಿಕಾರಿಯೇನಲ್ಲ. ಪ್ರಾಮಾಣಿಕ, ಶ್ರಮಜೀವಿ, ಬ್ರಿಟನ್ನಿನ ಸಿವಿಲ್ ಸರ್ವಿಸಿಗೆ ಪರೀಕ್ಷೆಯ ಮೂಲಕ ನೇಮಕ ಆಗಬೇಕೆಂದು ವಾದಿಸಿ ಗೆದ್ದವನು. ಆದರೆ ಮಾರುಕಟ್ಟೆಯ ಮೇಲೆ ಅವನಿಗೆ ದೇವರ ಮೇಲಿದ್ದಷ್ಟೇ ನಂಬಿಕೆ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಕ್ಷಾಮದ ವೇಳೆ ಲಂಡನ್ನಿನ ಖಜಾನೆಯಲ್ಲಿ ಕೂತು ಪರಿಹಾರದ ಲೆಕ್ಕ ನೋಡುತ್ತಿದ್ದವನೂ ಅವನೇ. ಸರ್ಕಾರ ಕಡಿಮೆ ಕೈ ಹಾಕಿದಷ್ಟೂ ವ್ಯಾಪಾರ ತಾನೇ ಎಲ್ಲ ಒದಗಿಸುತ್ತದೆ ಎಂಬ ಅವನ ಹಟವನ್ನು ಐರಿಷರು ಇವತ್ತಿಗೂ ಮರೆತಿಲ್ಲ. ಮೈಸೂರಿನ ಎತ್ತಿನ ವಿಷಯದಲ್ಲೂ ಅದೇ ತರ್ಕ. ಸೈನ್ಯಕ್ಕೆ ಎತ್ತು ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತು, ಅದಕ್ಕಾಗಿ ಸಾವಿರಾರು ಹಸುಗಳನ್ನೂ ಅಷ್ಟೊಂದು ನೆಲವನ್ನೂ ಅಷ್ಟು ಸಂಬಳಗಾರರನ್ನೂ ಸಾಕುವುದು ಯಾತಕ್ಕೆ?

ಹಿಂಡುಗಳನ್ನು ಮಾರಿದರು. ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದ ತಳಿ ಕೂಗಿದವರ ಪಾಲಾಯಿತು. ಒಳ್ಳೊಳ್ಳೆಯ ದನಗಳು ಈಜಿಪ್ಟಿನ ಪಾಷಾನಿಗೆ ಹೋದವು ಎಂಬ ಮಾತಿದೆ. ಹಡಗು ಹತ್ತಿ ಕೆಂಪು ಸಮುದ್ರದ ದಾರಿ ಹಿಡಿದ ಮೈಸೂರು ಹಸುಗಳು ನೈಲ್ ನದಿಯ ದಂಡೆಯಲ್ಲಿ ಯಾವ ಹುಲ್ಲು ಮೇದವೋ ಏನೋ.

ಆಮೇಲೆ ಆದದ್ದನ್ನು ಯಾರು ಬೇಕಾದರೂ ಊಹಿಸಬಹುದು. ಸೈನ್ಯಕ್ಕೆ ಎತ್ತು ಬೇಕಾಯಿತು. ಸಂತೆಗೆ ಹೋದರೆ ಅಂಥ ಎತ್ತೇ ಇಲ್ಲ. ಇದ್ದವಕ್ಕೆ ಬೆಲೆ ಕೈಗೆಟುಕುವುದಿಲ್ಲ. ಸಂತೆಗೆ ಒಳ್ಳೆಯ ಎತ್ತು ಬರುತ್ತಿದ್ದುದೇ ಹಳ್ಳಿಯ ದನಗಳಿಗೆ ಸರ್ಕಾರಿ ಹೋರಿಯ ರಕ್ತ ಸೇರುತ್ತಿದ್ದರಿಂದ ಎಂಬುದು ಆಗ ಅರ್ಥವಾಯಿತು. ಮಾರುಕಟ್ಟೆಗೆ ಬೇರು ಸರ್ಕಾರಿ ಕಾವಲಿನಲ್ಲಿತ್ತು. ಆರೇ ವರ್ಷ, 1866ರಲ್ಲಿ ಅದೇ ಸರ್ಕಾರ ಅಮೃತಮಹಲನ್ನು ಮತ್ತೆ ಆರಂಭಿಸಿತು. ಚದುರಿಹೋದ ದನಗಳಲ್ಲಿ ಕೈಗೆ ಸಿಕ್ಕವನ್ನು ಹುಡುಕಿ ಹುಡುಕಿ, ಮಾರಿದವರೇ ದುಡ್ಡು ಕೊಟ್ಟು ಕೊಂಡು ತಂದರು. ಮೈಸೂರು ಮತ್ತೆ ಅರಸರ ಕೈಗೆ ಬಂದ ಮರುವರ್ಷ, 1882ರಲ್ಲಿ, ಹಿಂಡು ಮೈಸೂರು ಸರ್ಕಾರದ ಪಾಲಾಯಿತು. ತನ್ನದೇ ಹಿಂಡನ್ನು ತಾನೇ ದುಡ್ಡು ಕೊಟ್ಟು ಕೊಂಡುಕೊಂಡಿತು ಎನ್ನಬೇಕು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದೊಂದು ಸುಖಾಂತ. ದಡ್ಡತನ ಮಾಡಿದರು, ತಿದ್ದಿಕೊಂಡರು. ಆದರೆ ಮರಳಿ ಬಂದದ್ದು ದನ ಮಾತ್ರ. ಹಿಂಡು ದೊಡ್ಡದಿದ್ದಾಗ ಕಾವಲಿನ ಅಂಚಿಗೆ ನೇಗಿಲು ಹೂಡಲು ಹೆದರುತ್ತಿದ್ದವರು ಹಿಂಡು ಚಿಕ್ಕದಾದಂತೆ ಒಳಗೆ ಬಂದರು. ಎತ್ತಿನ ದಂಡಿನ ಕಾಲ ಮುಗಿದು ರೈಲು, ಲಾರಿ ಬಂದ ಮೇಲೆ ಇಷ್ಟೊಂದು ಹುಲ್ಲು ಯಾಕೆ ಎಂಬ ಪ್ರಶ್ನೆ ಸರ್ಕಾರದೊಳಗೇ ಎದ್ದಿತು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ದಾಟಿದ್ದ ಅಮೃತಮಹಲ್ ಕಾವಲು ಈಗ ಒಂದು ಲಕ್ಷ ಎಕರೆಯೂ ಇಲ್ಲ. ಚಳ್ಳಕೆರೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. 2009ರ ಸುಮಾರಿಗೆ ಅಲ್ಲಿನ ಕಾವಲುಗಳಲ್ಲಿ ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಖಾಸಗಿ ಸೌರವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ ಕೊಟ್ಟರು. ಸುತ್ತಲ ಹಳ್ಳಿಗಳ ಕುರಿ, ದನ, ಕಂಬಳಿ ನೇಯುವವರ ಉಣ್ಣೆ ಎಲ್ಲಕ್ಕೂ ಆಧಾರವಾಗಿದ್ದ ಹುಲ್ಲುಗಾವಲದು. ಊರಿನವರಿಗೆ ಸಂಗತಿ ತಿಳಿದದ್ದು ಬೇಲಿ, ಗೋಡೆ ಎದ್ದಾಗ. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕೊಟ್ಟ ಸಂಸ್ಥೆಗಳು ದೇಶಕ್ಕೆ ಬೇಕಾದವು ಎಂಬುದರಲ್ಲಿ ತಕರಾರಿಲ್ಲ. ಆ ನೆಲ ಖಾಲಿ ಎಂದು ಕಾಗದದಲ್ಲಿ ಕಂಡಿತಲ್ಲ, ತಕರಾರು ಅದರ ಬಗ್ಗೆ. ದನವನ್ನು ಖರ್ಚಿನ ಕಡೆ ಬರೆದು ಹುಲ್ಲನ್ನು ಎಲ್ಲೂ ಬರೆಯದಿದ್ದರೆ ಹಾಗೇ ಕಾಣುತ್ತದೆ.

ಕಾವಲಿನ ಮಾತು ಮಂಡ್ಯಕ್ಕೆ ದೂರದ್ದು ಅನ್ನಿಸಬಹುದು. ನಮ್ಮಲ್ಲಿ ಕಾವಲಿಗಿಂತ ಗೋಮಾಳ ಹೆಚ್ಚು. 1966ರ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕು. ಬಗರ್‌ಹುಕುಂ ಅರ್ಜಿಗಳು, ನಿವೇಶನ, ಶಾಲೆ, ಸ್ಮಶಾನ, ವಿದ್ಯುತ್ ಉಪಕೇಂದ್ರ ಎಲ್ಲಕ್ಕೂ ಕೈಹಾಕುವುದು ಇದೇ ಗೋಮಾಳಕ್ಕೆ. ಭೂಮಿಯಿಲ್ಲದವನು ಎರಡೆಕರೆ ಉಳುವುದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಹೇಳುತ್ತಿರುವುದು ಇಷ್ಟೇ: ದನ ಕಡಿಮೆಯಾದಂತೆ ನಿಯಮದ ಪ್ರಕಾರವೇ ಗೋಮಾಳ ಕಡಿಮೆಯಾಗಬಹುದು. ದನ ಮತ್ತೆ ಹೆಚ್ಚಾದರೆ ಅದು ವಾಪಸು ಬರುವ ದಾರಿ ಕಾಗದದಲ್ಲಿದೆಯೇ ಹೊರತು ನೆಲದ ಮೇಲಿಲ್ಲ.

ಈಗ ಇವತ್ತಿನ ಗೋಶಾಲೆಗೆ ಬರೋಣ. 1964ರ ಕಾಯಿದೆಯಲ್ಲಿ ಹನ್ನೆರಡು ವರ್ಷ ಮೀರಿದ, ಕೆಲಸಕ್ಕೆ ಬಾರದ ಎತ್ತು, ಹೋರಿಗಳ ವಧೆಗೆ ಅವಕಾಶವಿತ್ತು. 2020ರ ಕಾಯಿದೆ ಅದನ್ನು ತೆಗೆದು, ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದೆಲ್ಲ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಇದರ ರಾಜಕೀಯದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಲೆಕ್ಕದ ಬಗ್ಗೆ ಆಗಿಲ್ಲ. ಮೊದಲು ಮುದಿ ಎತ್ತನ್ನು ಮಾರಿ ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ರೈತ ಎಳೆಯ ಎತ್ತು ಕೊಳ್ಳುತ್ತಿದ್ದ. ಆ ದಾರಿ ಮುಚ್ಚಿದ ಮೇಲೆ ಮುದಿ ದನವನ್ನು ಸಾಕುವ ಖರ್ಚು ಒಂದೋ ರೈತನದು, ಇಲ್ಲವೇ ಸರ್ಕಾರದ್ದು. ಸೀಮೆಹಸುವಿನ ಗಂಡುಕರುವಿನ ಗತಿಯಂತೂ ಹೇಳುವುದೇ ಬೇಡ. ಹಾಲೂ ಇಲ್ಲ, ನೊಗಕ್ಕೂ ಆಗದು.

2022-23ರ ಬಜೆಟ್ಟಿನಲ್ಲಿ ಸರ್ಕಾರಿ ಗೋಶಾಲೆಗಳನ್ನು 31ರಿಂದ 100ಕ್ಕೆ ಏರಿಸುವುದಾಗಿ ಹೇಳಿ 50 ಕೋಟಿ ರೂಪಾಯಿ ಇಟ್ಟರು. ಜೊತೆಗೇ ಪುಣ್ಯಕೋಟಿ ದತ್ತು ಯೋಜನೆ ಬಂತು: ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ಯಾರು ಬೇಕಾದರೂ ದತ್ತು ತೆಗೆದುಕೊಳ್ಳಬಹುದು. ಆ ವರ್ಷದ ಕೊನೆಗೆ ಸರ್ಕಾರಿ ನೌಕರರ ಸಂಬಳದಿಂದಲೂ ವಂತಿಗೆ ಹಿಡಿಯುವ ಆದೇಶವಾಯಿತು. ‘ಎ’ ದರ್ಜೆಯವರಿಂದ 11,000, ‘ಬಿ’ ದರ್ಜೆಯವರಿಂದ 4,000, ‘ಸಿ’ ದರ್ಜೆಯವರಿಂದ 400. ಬೊಕ್ಕಸದಿಂದ ಆಗದ್ದನ್ನು ದಾನದಿಂದ ತುಂಬುವ ಪ್ರಯತ್ನ ಇದು.

ಈ 11,000ವನ್ನು ಒಡೆದು ನೋಡಿದರೆ ದಿನಕ್ಕೆ 30 ರೂಪಾಯಿ. ಬರ, ನೆರೆ ಬಂದಾಗ ಸರ್ಕಾರವೇ ತೆರೆಯುವ ಜಾನುವಾರು ಶಿಬಿರಗಳಲ್ಲಿ ದೊಡ್ಡ ರಾಸಿಗೆ ದಿನಕ್ಕೆ ಎಷ್ಟು ಕೊಡಬೇಕೆಂದು ವಿಪತ್ತು ಪರಿಹಾರ ನಿಧಿಯ ನಿಯಮ ಹೇಳುತ್ತದೆ. 2022ರಿಂದ 2026ರ ಅವಧಿಗೆ ಅದು 80 ರೂಪಾಯಿ. ಮೇವು, ಹಿಂಡಿ, ನೀರು, ಔಷಧಿ ಸೇರಿ. ವರ್ಷಕ್ಕೆ 29,200. ಸರ್ಕಾರದ ಒಂದು ಕೈ ಬರೆದ ಲೆಕ್ಕಕ್ಕೂ ಇನ್ನೊಂದು ಕೈ ಬರೆದ ಲೆಕ್ಕಕ್ಕೂ ಹದಿನೆಂಟು ಸಾವಿರ ರೂಪಾಯಿ ಅಂತರ. ಈ ಅಂತರವನ್ನು ತುಂಬುವುದು ಎರಡರಲ್ಲಿ ಒಂದು: ದನದ ಹೊಟ್ಟೆ, ಇಲ್ಲವೇ ಹುಲ್ಲುಗಾವಲು. ಬಯಲಲ್ಲಿ ಮೇಯುವ ದನಕ್ಕೆ 30 ರೂಪಾಯಿ ಸಾಲಬಹುದು. ಶೀಟಿನ ಕೆಳಗೆ ಕಟ್ಟಿಹಾಕಿ, ಕೊಂಡು ತಂದ ಒಣಹುಲ್ಲು ಹಾಕುವ ದನಕ್ಕೆ ಸಾಲುವುದಿಲ್ಲ.

ಅದಕ್ಕೇ ಖಾಸಗಿಗೆ ವಹಿಸುವ ಸಲಹೆ ಮತ್ತೆ ಮತ್ತೆ ಬರುತ್ತದೆ. ಖಾಸಗಿ ಎಂದಾಕ್ಷಣ ಮೈಮೇಲೆ ಬೀಳಬೇಕಾಗಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜ್ರಾಪೋಲ್ ದಶಕಗಳಿಂದ ದಾನದ ಹಣದಲ್ಲಿ ಮುದಿ ದನ ಸಾಕಿಕೊಂಡು ಬಂದಿದೆ. ಎಷ್ಟೋ ಮಠಗಳು ಸಾಕಿವೆ. ದಾನಿಗಳು ಕಟ್ಟಿದ ಸಂಸ್ಥೆ ಒಂದು ಬಗೆ. ಸರ್ಕಾರದ ಹೊಣೆಯನ್ನು ಕರಾರಿನ ಮೇಲೆ ಹೊರುವ ಸಂಸ್ಥೆ ಇನ್ನೊಂದು ಬಗೆ. ನ್ಯೂಯಾರ್ಕ್ ನಗರದಲ್ಲಿ ಬೀದಿನಾಯಿಗಳ ದೊಡ್ಡಿಯನ್ನು (ಇಂಗ್ಲಿಷಿನ ‘ಪೌಂಡ್’ ಕೂಡ ಮೂಲತಃ ದನ ಕೂಡುವ ದೊಡ್ಡಿಯೇ) 1894ರಿಂದ ದಯಾಸಂಘವೊಂದು ನಗರದ ಪರವಾಗಿ ನಡೆಸಿತು. ನೂರು ವರ್ಷ ನಡೆಸಿ, ನಗರ ಕೊಡುವ ಹಣಕ್ಕೂ ಆಗುವ ಖರ್ಚಿಗೂ ಹೊಂದುವುದಿಲ್ಲವೆಂದು 1990ರ ದಶಕದ ನಡುವೆ ಕೈಬಿಟ್ಟಿತು. ನಗರ ಮೊದಲಿನಿಂದ ಹೊಸ ಸಂಸ್ಥೆ ಕಟ್ಟಬೇಕಾಯಿತು. ದಯೆಯಿಂದ ಬಂದವರೇ ಕೈಚೆಲ್ಲಿದರೆ ಲಾಭಕ್ಕೆ ಬಂದವರು ಎಷ್ಟು ದಿನ ಇದ್ದಾರು?

ಮಂಡ್ಯದವರಿಗೆ ಈ ಭಾಷೆ ಹೊಸದಲ್ಲ. ಮೈಷುಗರ್ ವಿಷಯದಲ್ಲಿ ‘ಒ ಅಂಡ್ ಎಂ’ ಎಂಬ ಎರಡಕ್ಷರದ ಇಂಗ್ಲಿಷ್ ಊರೂರಿನ ಅರಳಿಕಟ್ಟೆಯ ಮಾತಾಗಿತ್ತು. 2020ರಲ್ಲಿ ಕಾರ್ಖಾನೆಯನ್ನು 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಡುವ ತೀರ್ಮಾನವಾಗಿ, ರೈತರು ಧರಣಿ ಕೂತು, ಮರುವರ್ಷ ಸರ್ಕಾರವೇ ನಡೆಸುವುದಾಗಿ ಒಪ್ಪಿತು. ಆಗ ಕಬ್ಬು ಅರೆಯುವ ಯಂತ್ರದ ಬಗ್ಗೆ ಎಷ್ಟು ಮಾತಾಯಿತೋ ಕಾರ್ಖಾನೆಯ ಜಮೀನಿನ ಬಗ್ಗೆಯೂ ಅಷ್ಟೇ ಆಯಿತು. ಯಾಕೆಂದರೆ ಕೊಳ್ಳುವವನ ಕಣ್ಣು ಎಲ್ಲಿರುತ್ತದೆ ಎಂಬುದು ರೈತನಿಗೆ ಗೊತ್ತು.

ಗೋಶಾಲೆಗೂ ಅದೇ ಕಣ್ಣಿನಿಂದ ನೋಡಬೇಕು. ಹಳೆಯ ದೊಡ್ಡಿಯ ಗುತ್ತಿಗೆದಾರನಿಗೆ ದಂಡದ ಕಾಸು ಬರುತ್ತಿತ್ತು. ಸಕ್ಕರೆ ಕಾರ್ಖಾನೆ ಹಿಡಿದವನಿಗೆ ಸಕ್ಕರೆ ಇದೆ, ಮಡ್ಡಿ ಇದೆ, ಕರೆಂಟು ಇದೆ. ಮುದಿ ದನದ ಗೋಶಾಲೆ ಹಿಡಿದವನಿಗೆ ಬರುವುದು ಏನು? ಸಗಣಿ, ಗಂಜಲದ ಆದಾಯದಿಂದ ಮೇವು ಕೊಳ್ಳಬಹುದೆಂಬ ಮಾತನ್ನು ಕೊಟ್ಟಿಗೆ ಗುಡಿಸಿ ಗೊತ್ತಿರುವ ಯಾವ ರೈತಹೆಂಗಸಿನ ಮುಂದೆಯೂ ಹೇಳದಿರುವುದು ಕ್ಷೇಮ. ಉಳಿಯುವುದು ಜಾಗ. ಗೋಶಾಲೆಗಳಿಗೆ ಜಾಗ ಸಿಕ್ಕಿರುವುದು ಬಹುಪಾಲು ಸರ್ಕಾರಿ ನೆಲದಲ್ಲಿ. ಊರು ಬೆಳೆದಂತೆ ಅದರ ಬೆಲೆ ಬೆಳೆಯುತ್ತದೆ. ನಡೆಸುವವರು ಯಾರೇ ಆಗಲಿ, ಹುಲ್ಲಿನ ನೆಲ ಊರಿನ ಹೆಸರಿನಲ್ಲಿ ಗೋಮಾಳವಾಗಿಯೇ ಇರಬೇಕು, ಗೋಶಾಲೆ ಮುಚ್ಚಿದರೂ ಅದು ಕರಾರಿನ ಜೊತೆ ಹೋಗಕೂಡದು ಎಂಬ ಒಂದು ಸಾಲು ಪಹಣಿಯಲ್ಲಿ ಬಿದ್ದಿದ್ದರೆ ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದು. 1866ರವರು ದನ ಹುಡುಕಿ ತರಲು ಸಾಧ್ಯವಾದದ್ದು ಬಿಡಲು ಆಗ ಇನ್ನೂ ಕಾವಲು ಇತ್ತೆಂದು. ಇವತ್ತು ಮಾರಿ ಆರು ವರ್ಷಕ್ಕೆ ಬುದ್ಧಿ ಬಂದರೆ, ತಂದ ದನವನ್ನು ಎಲ್ಲಿ ಬಿಡುವುದು?

ಅಮೃತಮಹಲ್ ಪೂರ್ತಿ ಮುಗಿದುಹೋಗಿಲ್ಲ. ಅಜ್ಜಂಪುರ, ಬೀರೂರಿನ ಕಡೆ ಪಶುಪಾಲನಾ ಇಲಾಖೆ ಇನ್ನೂ ಹಿಂಡು ಸಾಕುತ್ತಿದೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆಯುವಾಗ ದೂರದೂರದ ಜಿಲ್ಲೆಗಳ ರೈತರು ಬಂದು ಜೋಡಿಗೆ ಲಕ್ಷದ ಮೇಲೆ ಕೂಗುತ್ತಾರೆ. ನಮ್ಮ ಕಡೆಯ ಬೇಬಿ ಬೆಟ್ಟ, ಹೇಮಗಿರಿ ಜಾತ್ರೆಗಳ ಹಳ್ಳಿಕಾರ್ ಜೋಡಿಗಳ ಹಾಗೆ ಕೊಂಬಿಗೆ ಕಳಸ ಕಟ್ಟಿಸಿಕೊಂಡು ಮೈ ತಡವಿಸಿಕೊಳ್ಳುವ ರಾಸುಗಳಲ್ಲ ಅವು. ಮನುಷ್ಯರ ಕೈ ಸೋಕದೆ ಕಾವಲಲ್ಲಿ ಬೆಳೆದ ಕರುಗಳು; ಕೊಂಡವರು ಹಗ್ಗ ಹಾಕಲು ಹೋದರೆ ಹಾಯಲು ಬರುತ್ತವೆ. ಹತ್ತಾರು ಜನ ಸೇರಿ ಮೂಗುದಾರ ಕಟ್ಟಿ ಲಾರಿಗೆ ಹತ್ತಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ತಾಯಿಹಸುಗಳನ್ನು ಹರಾಜಿಗೆ ಇಡುವುದಿಲ್ಲ. ಅವು ಗೊಲ್ಲನ ಕೂಗಿಗೆ ಕಾವಲಿಗೆ ಮರಳುತ್ತವೆ.